ಬಿಸಿಲು ಕಾಣದ ನೀರು

ದೀಪಾವಳಿ ಕಳೆದು ಎಂಟು ದಿನವಾಗಿತ್ತು. ತಾಳಮಲೆ ದಾರಿಯ ಒಂದು ಊರಿನ ಕೊಳದ ಕಟ್ಟೆಯ ಮೇಲೆ, ನಲವತ್ತು ಐವತ್ತು ಜನರ ಎದುರಿಗೆ, ನನ್ನ ಮೇಲಧಿಕಾರಿ ನನ್ನ ಬಲಗೈ ಹಿಡಿದು ಮೇಲೆತ್ತಿದ.

“ಉಗುರಿನ ಸಂದಿ ನೋಡ್ರಪ್ಪ. ಇವನು ಗುಮಟಾಪುರದವನು. ಸೆಗಣಿ ಹಬ್ಬದಲ್ಲಿ ಆಡಿದ ಕೈಯಲ್ಲೇ ಬಾಟಲಿ ತುಂಬಿದ್ದಾನೆ. ರಿಪೋರ್ಟಲ್ಲಿ ಇನ್ನೇನು ಬರಬೇಕು, ಗಂಧವಾ?”

ನಾಲ್ಕಾರು ಮಂದಿ ನಕ್ಕರು. ನಾನೂ ಹಲ್ಲು ಕಿರಿದೆ. ಇವತ್ತಿಗೂ ನನಗೆ ಅದೇ ಹೆಚ್ಚು ಉರಿಯುವುದು, ನಾನೂ ನಕ್ಕಿದ್ದು.

ಸೆಗಣಿ ಆಡಿದ್ದು ಸುಳ್ಳಲ್ಲ. ನಮ್ಮೂರಿನ ಬೀರೇಶ್ವರನ ಗುಡಿಯ ಹಿಂದೆ ಹಬ್ಬದ ಮಾರನೆಯ ದಿನ ಗಂಡಸರೆಲ್ಲ ಸೆಗಣಿಯ ಗುಡ್ಡೆ ಹತ್ತಿ ಒಬ್ಬರಿಗೊಬ್ಬರು ಎರಚಾಡುತ್ತೇವೆ. ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ಆದರೆ ನೀರಿನ ಮಾದರಿ ತೆಗೆಯುವ ಮುಂಚೆ ನಾನು ಕೈಗೆ ಸ್ಪಿರಿಟ್ ಹಚ್ಚಿ, ಬಾಟಲಿಯ ಬಾಯನ್ನು ಬೆಂಕಿಗೆ ಹಿಡಿದು, ಬಿರಡೆಯನ್ನು ಕಾಗದದ ಸಮೇತ ಹಿಡಿದು ತೆಗೆಯುತ್ತಿದ್ದೆ. ಅದನ್ನು ನನಗೆ ಕಲಿಸಿದವನೇ ಆತ. ಎದುರಿಗೆ ‘ಸಾರ್’ ಎನ್ನುತ್ತಿದ್ದೆ. ಇಲ್ಲಿ ಆತ ಎಂದೇ ಬರೆಯುತ್ತೇನೆ.

ಆ ಊರಿನಲ್ಲಿ ವಾಂತಿಭೇದಿ ಎದ್ದಿತ್ತು. ದೊಡ್ಡವರು ತಡೆದುಕೊಂಡರೂ ಮಕ್ಕಳು ನಿತ್ರಾಣವಾಗಿದ್ದವು. ಸುದ್ದಿ ಬಂದಾಗ ತಾಳವಾಡಿಯ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಇದ್ದವನು ನಾನೊಬ್ಬನೇ. ಮೂರು ನಳಿಕೆ ಸ್ಟ್ಯಾಂಡು, ಒಂದು ಇನ್‌ಕ್ಯುಬೇಟರು, ಒಂದು ಪ್ರೆಷರ್ ಕುಕ್ಕರು ಇದ್ದ ಒಂದೂವರೆ ಕೋಣೆಗೆ ಪ್ರಯೋಗಾಲಯ ಎಂದು ಹೆಸರು. ಸಂಜೆಯ ಹೊತ್ತಿಗೆ ದಾದಿಯ ಜೊತೆ ಜೀಪಿನಲ್ಲಿ ಹೋದೆ. ಜೀಪು ದಾದಿಯನ್ನು ಕರೆದುಕೊಂಡು ಮುಂದಿನ ಊರಿಗೆ ಹೋಯಿತು, ನಾನು ಹಿಂದಿರುಗಲು ಬಸ್ಸಿಲ್ಲದೆ ನೀರುಗಂಟಿಯ ಮನೆಯ ಜಗಲಿಯಲ್ಲಿ ಮಲಗಿದೆ. ಕೊಳದಿಂದ ಊರಿಗೆ ಹೋಗುವ ಪೈಪಿನ ವಾಲ್ವು ತಿರುಗಿಸುವವನು ಈ ನೀರುಗಂಟಿಯೇ. ಹೊತ್ತು ಮೂಡುವ ಮೊದಲೇ ಅವನ ಹಿಂದೆ ಹೋಗಿ ಬಾಟಲಿ ತುಂಬಿಕೊಂಡು, ಐಸಿನ ಡಬ್ಬದಲ್ಲಿಟ್ಟು, ಹಾಲಿನ ವ್ಯಾನು ಹತ್ತಿ ತಾಳವಾಡಿಗೆ ಬಂದೆ.

ನಮ್ಮ ಪರೀಕ್ಷೆ ಸರಳವಾದದ್ದು. ನೇರಳೆ ಬಣ್ಣದ ದ್ರವ ತುಂಬಿದ ನಳಿಕೆಗಳಿಗೆ ನೀರು ಹಾಕಿ ಮೈಬಿಸಿಯಷ್ಟು ಶಾಖದಲ್ಲಿ ಎರಡು ದಿನ ಇಡುವುದು. ಹೊಟ್ಟೆಯಿಂದ ಬಂದ ಬ್ಯಾಕ್ಟೀರಿಯಾ ಇದ್ದರೆ ನೇರಳೆ ಹಳದಿಯಾಗುತ್ತದೆ, ಒಳಗೆ ತಲೆಕೆಳಗಾಗಿ ಇಟ್ಟ ಪುಟ್ಟ ಗಾಜಿನ ಕೊಳವೆಯಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ. ನನ್ನ ನಳಿಕೆಗಳು ಒಂದೂ ಬಿಡದೆ ಹಳದಿಯಾದವು. ಇನ್ನೂ ಹೆಚ್ಚಿನ ಶಾಖದ ಎರಡನೆಯ ಪರೀಕ್ಷೆಯಲ್ಲೂ ಅದೇ. ವಾಲ್ವು ಮುಚ್ಚಬೇಕೆಂದು ಬರೆದು ಕಳಿಸಿದೆ.

ಅದಕ್ಕೇ ಆತ ಕೆಳಗಿನ ಸೀಮೆಯಿಂದ ಘಾಟಿ ಹತ್ತಿ ಬಂದದ್ದು. ಬಂದಾಗ ಮಧ್ಯಾಹ್ನ ಹನ್ನೆರಡು. ಕೊಳದ ನಡುವಿಗೆ ದಾರ ಕಟ್ಟಿದ ಬಾಟಲಿ ಬಿಟ್ಟು, ತಿಳಿ ನೀರು ತುಂಬಿ, ನನ್ನ ಕೈ ಎತ್ತಿ ತೋರಿಸಿ, ಊರವರು ಕೊಟ್ಟ ಎಳನೀರು ಕುಡಿದು ಹೋದ. ಕೊಳದ ನೀರು ಕುಡಿಯಲಿಲ್ಲ. ಮೂರು ದಿನಕ್ಕೆ ಆತನ ವರದಿ ಬಂತು: ನೀರು ಕುಡಿಯಲು ಯೋಗ್ಯ. ಅದರ ಹಿಂದೆಯೇ ನನಗೊಂದು ಮೆಮೊ. ಅಶುಚಿಯಾದ ಕೈಯಿಂದ ಮಾದರಿ ತೆಗೆದು ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸಿದ್ದಕ್ಕೆ ಮೂರು ವಾರದೊಳಗೆ ವಿವರಣೆ ಕೊಡತಕ್ಕದ್ದು, ತಪ್ಪಿದರೆ ಕೆಲಸದಿಂದ ತೆಗೆಯಲಾಗುವುದು.

ನಾಲ್ಕೈದು ದಿನ ಮುಚ್ಚಿದ್ದ ವಾಲ್ವು ಮತ್ತೆ ತೆರೆಯಿತು. ಮಕ್ಕಳು ಮತ್ತೆ ಮಲಗಿದವು.

ನಾನು ರಜೆ ಹಾಕಿದೆ. ನಳಿಕೆಗಳನ್ನು ಗೋಣಿಯಲ್ಲಿ ಸುತ್ತಿ, ಸ್ಪಿರಿಟ್ ದೀಪ ಕಟ್ಟಿಕೊಂಡು ನೀರುಗಂಟಿಯ ಮನೆಗೇ ಹೋಗಿ ಇಳಿದೆ. ಜನರ ಮೇಲಿನ ಕನಿಕರದಿಂದ ಹೋದೆ ಎಂದರೆ ಬಾಯಿ ತುಂಬ ಸುಳ್ಳು. ನನಗೆ ಆ ಮನುಷ್ಯನನ್ನು ಅದೇ ಕಟ್ಟೆಯ ಮೇಲೆ, ಅದೇ ಜನರ ಎದುರಿಗೆ ಮಣ್ಣು ಮುಕ್ಕಿಸಬೇಕಿತ್ತು. ಹಲ್ಲುಜ್ಜುವಾಗಲೂ ಅದೇ ಯೋಚನೆ, ಉಣ್ಣುವಾಗಲೂ ಅದೇ.

ನೀರುಗಂಟಿಯ ಹೆಂಡತಿ ಮಾತು ಕಡಿಮೆಯ ಹೆಂಗಸು. ಹಿಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ಆಕೆಯ ಎರಡು ವರ್ಷದ ಮಗಳು ಭೇದಿಯಾಗಿ ತೀರಿಕೊಂಡಿದ್ದಳು. ಅದನ್ನು ಆಕೆ ಹೇಳಿದ್ದು ಒಂದೇ ಸಲ, ನನಗೆ ಮುದ್ದೆ ಇಕ್ಕುತ್ತಾ.

“ಮೂರ್ ದಿನ ಕಣಪ್ಪ. ಮೂರ್ನೇ ದಿನ ಎದ್ದು ಕುಂತ್ಕತ್ತಳ ಅಂತ ನೋಡ್ತಾನೇ ಇದ್ದಿ. ಏಳ್ನೇ ಇಲ್ಲ.”

ನಾನು ನನ್ನ ಕೈಯ ಕತೆ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ಅವ ಏನಾರ ಅಂದ್ಕಳ್ಳಿ ಬುಡು. ನೀರು ಕೆಟ್ಟದ್ದು ಅನ್ನದು ದಿಟವಾ, ಅದ್ನ ಏಳು.”

“ದಿಟ ಅಕ್ಕ. ಅದನ್ನ ತೋರಿಸೋಕೇ ಬಂದಿರೋದು. ಒಳ್ಳೇ ನೀರು ಅಂತ ಬರೆದನಲ್ಲ, ಅವನಿಗೆ ಈ ನೀರನ್ನೇ ಕುಡಿಸಬೇಕು.”

“ಕುಡುಸ್ಬೇಕು,” ಎಂದಳು. ಆಕೆಯ ದನಿ ನನ್ನದಕ್ಕಿಂತ ಗಟ್ಟಿಯಾಗಿತ್ತು. “ಲೋಟ ನಾ ತತ್ತೀನಿ.”

ಮೊದಲ ನಾಲ್ಕು ದಿನ ನಾನು ಮೂರ್ಖನಾದೆ. ಬೆಳಗಿನ ನೀರೂ ಕೆಟ್ಟದ್ದು, ಮಧ್ಯಾಹ್ನದ ನೀರೂ ಕೆಟ್ಟದ್ದು ಎಂದು ಬಂತು. ಹಾಗಾದರೆ ಆತನ ಬಾಟಲಿ ಹೇಗೆ ಶುದ್ಧವಾಯಿತು? ಒಂದೋ ಆತ ಸುಳ್ಳು ಬರೆದಿರಬೇಕು, ಇಲ್ಲವೇ ನಿಜವಾಗಿಯೂ ನನ್ನ ಕೈಯೇ ಹೊಲಸು. ಎರಡು ದಿನ ಕೈ ಉಜ್ಜಿದ್ದೇ ಉಜ್ಜಿದ್ದು, ಚರ್ಮ ಸುಲಿಯಿತು. ಕುದಿಸಿ ಆರಿಸಿದ ನೀರನ್ನು ಅದೇ ಕೈಯಿಂದ ನಳಿಕೆಗೆ ಹಾಕಿ ನೋಡಿದೆ. ನೇರಳೆ ನೇರಳೆಯಾಗಿಯೇ ಉಳಿಯಿತು. ಕೈ ಶುದ್ಧವಾಗಿಯೇ ಇತ್ತು. ಆ ನಳಿಕೆಗೆ ಮುತ್ತಿಡುವುದೊಂದು ಬಾಕಿ.

ತಪ್ಪು ಗೊತ್ತಾದದ್ದು ನೀರುಗಂಟಿಯ ಮಾತಿನಿಂದ. “ಸಾ, ಒಳಕ್ಕ ಯಾಕ್ ಇಳಿತೀರಿ? ಎಮ್ಮ ಬಿದ್ದಂಗ ಕಲಕ್ ಬುಟ್ರಲ್ಲ,” ಎಂದ. ಹೌದು, ಮೇಲಧಿಕಾರಿಯ ಹಾಗೆ ದಾರದ ಬಾಟಲಿ ಬಿಡುವುದು ಸೊಕ್ಕಿನ ಕೆಲಸವೆಂದು ನಾನು ಮೊಣಕಾಲವರೆಗೆ ನೀರಿಗೆ ಇಳಿದು ತುಂಬುತ್ತಿದ್ದೆ. ತಳದ ಕೆಸರು ಎದ್ದು ಬಾಟಲಿ ಸೇರುತ್ತಿತ್ತು. ಬೆಳಕು ಮುಟ್ಟದ ಆ ಕೆಸರಿನಲ್ಲಿ ಬ್ಯಾಕ್ಟೀರಿಯಾ ದಿನಗಟ್ಟಲೆ ಬದುಕಿರುತ್ತದೆ. ದಾರ ಕಟ್ಟಿದೆ. ದ್ವೇಷ ಸಾಧಿಸುವುದಕ್ಕೂ ವೈರಿಯ ವಿಧಾನವನ್ನೇ ಹಿಡಿಯಬೇಕಾಗಿ ಬಂತು.

ಅಂದಿನಿಂದ ಕ್ರಮವಾಗಿ ಹೋದೆ. ಹೊತ್ತು ಮೂಡುವ ಮೊದಲು, ಒಂಬತ್ತಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ, ದನ ಬಂದು ಹೋದ ಮೇಲೆ. ಪ್ರತಿ ಸಲವೂ ಒಂದು ಬಾಟಲಿ ಬಿಸಿಲಿನ ಕಡೆಯಿಂದ, ಇನ್ನೊಂದು ಹೊಂಗೆ ಮರದ ನೆರಳಿನಿಂದ. ನೀರನ್ನು ಜಗಲಿಯಲ್ಲೇ ದೀಪದ ಮುಂದೆ ನಳಿಕೆಗೆ ಹಾಕಿ, ಹಾಲಿನ ವ್ಯಾನಿಗೋ ಬಸ್ಸಿಗೋ ಕೊಟ್ಟು ತಾಳವಾಡಿಗೆ ಕಳಿಸುತ್ತಿದ್ದೆ. ಅಲ್ಲಿನ ಕಾವಲುಗಾರ ಇನ್‌ಕ್ಯುಬೇಟರಿನಲ್ಲಿ ಇಡುತ್ತಿದ್ದ. ಎರಡು ದಿನಕ್ಕೊಮ್ಮೆ ಹೋಗಿ ಓದಿ ಬರುತ್ತಿದ್ದೆ.

ಲೆಕ್ಕ ಹಾಗೆ ಹೀಗೆ ಎನ್ನದೆ ಕಣ್ಣಿಗೆ ಕಂಡಿತು. ಸಂಜೆ ಕಾಡಂಚಿನಿಂದ ಮೇದು ಬಂದ ದನ ಕೊಳದ ಕಲ್ಲುಮೆಟ್ಟಿಲ ಮೇಲೆ ನಿಂತು ನೀರು ಕುಡಿಯುತ್ತವೆ, ಅಲ್ಲೇ ಸೆಗಣಿ ಹಾಕುತ್ತವೆ, ಗೊರಸಿನಲ್ಲಿ ಕೆಸರು ಏಳಿಸುತ್ತವೆ. ಸಾಲದ್ದಕ್ಕೆ ಹೊಲದ ಕಡೆಗೆ ಹೋಗಿ ಬಂದವರು ತೊಳೆದುಕೊಳ್ಳುವುದೂ ಅದೇ ಮೆಟ್ಟಿಲಲ್ಲಿ. ಆಮೇಲೆ ಕತ್ತಲು, ಚಳಿ. ತಣ್ಣನೆಯ ಕತ್ತಲ ನೀರಿನಲ್ಲಿ ಆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಬೆಳಗಿನ ಜಾವ ತುಂಬಿ ತುಳುಕುವಷ್ಟು. ಹೊತ್ತೇರಿದಂತೆ ಕೆಸರು ತಳಕ್ಕೆ ಕೂರುತ್ತದೆ, ನಮ್ಮ ಮಲೆಯ ಚಳಿಗಾಲದ ನಿಚ್ಚಳ ಬಿಸಿಲು ಆ ಸೊಂಟದುದ್ದದ ತಿಳಿನೀರಿನ ತಳದವರೆಗೂ ಇಳಿಯುತ್ತದೆ. ಹನ್ನೆರಡರ ಹೊತ್ತಿಗೆ ಮೇಲಿನ ನೀರು ಪನ್ನೀರು. ನೆರಳಿನ ಕಡೆಯ ನೀರು ಮಾತ್ರ ನಾಲ್ಕಕ್ಕೂ ಹಳದಿ. ನಡುವೆ ಒಂದು ದಿನ ಮೋಡ ಮುಸುಕಿತು. ಅಂದು ಮಧ್ಯಾಹ್ನದ ನಳಿಕೆಗಳೂ ಹಳದಿಯಾದವು. ಅದನ್ನು ಓದಿದ ದಿನ ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದೆ.

ಕೊನೆಯದಾಗಿ ಎರಡು ತೆಳು ಗಾಜಿನ ಬಾಟಲಿಗೆ ಬೆಳಗಿನ ಒಂದೇ ನೀರು ತುಂಬಿದೆ. ಒಂದಕ್ಕೆ ನೀರುಗಂಟಿಯ ಹೆಂಡತಿ ಕೊಟ್ಟ ಕಪ್ಪು ಬಟ್ಟೆ ಬಿಗಿಯಾಗಿ ಸುತ್ತಿದೆ. ಇನ್ನೊಂದು ಬರಿಯ ಬಾಟಲಿ. ಎರಡನ್ನೂ ಅಗಲ ಬಾಂಡಲಿಯ ನೀರಿನಲ್ಲಿ ಮುಳುಗಿಸಿ, ಒಂದೇ ಶಾಖ ಇರುವ ಹಾಗೆ ನೋಡಿಕೊಂಡು, ಮೂರು ಗಂಟೆಯವರೆಗೆ ಬಿಸಿಲಿಗಿಟ್ಟೆ. ಬರಿಯ ಬಾಟಲಿಯ ನಳಿಕೆಗಳು ನೇರಳೆ. ಕಪ್ಪು ಬಟ್ಟೆಯವು ಹಳದಿ. ಕೊಂದದ್ದು ಬಿಸಿ ಅಲ್ಲ, ಬೆಳಕು.

ಇಷ್ಟಾದ ಮೇಲೆ ನೀರುಗಂಟಿಯನ್ನು ಕೇಳಿದೆ, ವಾಲ್ವನ್ನು ಯಾಕೆ ಹೊತ್ತು ಮೂಡುವ ಮೊದಲೇ ತಿರುಗಿಸಿ ಏಳಕ್ಕೆಲ್ಲ ಮುಚ್ಚುತ್ತೀಯ ಎಂದು.

ಅವನು ನನ್ನನ್ನೇ ದಡ್ಡನ ಹಾಗೆ ನೋಡಿದ. “ಬಿಸ್ಲು ಕಂಡ್ ನೀರು ಸಪ್ಪ ಅಲ್ವಾ ಸಾ? ಬಿಸ್ಲು ಕಾಣ್ದ ನೀರೇ ರುಚಿ. ತಡವಾಗ್ ಬುಟ್ರ ಎಂಗುಸ್ರು ಬೋಯ್ತರ.”

ಊರು ಬೆಳಗಿನ ನೀರು ಕುಡಿಯುತ್ತಿತ್ತು. ಇಲಾಖೆ ಮಧ್ಯಾಹ್ನದ ನೀರು ಪರೀಕ್ಷೆ ಮಾಡುತ್ತಿತ್ತು.

ಮನು ಬರೆದೆ, ಇಲ್ಲಿನ ತಮಿಳು ಕಚೇರಿಗಳಲ್ಲಿ ಅರ್ಜಿಗೆ ಹಾಗೆನ್ನುತ್ತಾರೆ. ಊರವರ ಹೆಬ್ಬೆಟ್ಟು ಒತ್ತಿಸಿ ನಾನೇ ಒಯ್ದು ತಾಲೂಕಿನ ಹಿರಿಯ ಅಧಿಕಾರಿಣಿಯ ಮೇಜಿನ ಮೇಲಿಟ್ಟೆ. ಅವರು ತಮಿಳಿನಲ್ಲಿ ಎರಡು ಪ್ರಶ್ನೆ ಕೇಳಿ, ಕೊಳದ ಹತ್ತಿರವೇ ವಿಚಾರಣೆ ಎಂದು ದಿನ ಗೊತ್ತುಮಾಡಿದರು. ಬೆಳಿಗ್ಗೆ ಎಂಟಕ್ಕೆ. ಮೇಲಧಿಕಾರಿಯೂ ಬರಬೇಕು.

ಹಿಂದಿನ ಸಂಜೆ ತಾಳವಾಡಿಯಲ್ಲಿ ನಳಿಕೆಗಳನ್ನು ಜೋಡಿಸಿಕೊಳ್ಳುವಾಗ ಕಪಾಟಿನ ಕೆಳಗೆ ತಿಂಗಳ ರಿಜಿಸ್ಟರು ಕಣ್ಣಿಗೆ ಬಿತ್ತು. ತೆಗೆದು ನೋಡಿದೆ. ಎರಡು ವರ್ಷದಿಂದ ಆ ಕೊಳದ ಮಾದರಿ ತಿಂಗಳಿಗೊಂದು. ಹೊತ್ತು: ಹನ್ನೆರಡು, ಹನ್ನೆರಡೂಕಾಲು, ಹನ್ನೆರಡು. ಮಳೆಯ ತಿಂಗಳು ಬಿಟ್ಟರೆ ಎಲ್ಲವೂ ಯೋಗ್ಯ. ಎಲ್ಲವೂ ನನ್ನ ಅಕ್ಷರ. ನಸುಕಿನಲ್ಲಿ ಆ ದಾರಿಯಲ್ಲಿ ಆನೆ ಇರುತ್ತವೆ. ಬಸ್ಸು ಊರು ಮುಟ್ಟುವುದು ಹನ್ನೆರಡಕ್ಕೆ, ಹಿಂದಿರುಗುವುದು ಹನ್ನೆರಡೂವರೆಗೆ. ಆ ಅರ್ಧ ಗಂಟೆಯಲ್ಲಿ ದಡದಿಂದಲೇ ಒಂದು ಬಾಟಲಿ ತುಂಬಿಕೊಂಡು ಬರುತ್ತಿದ್ದೆ. ತೆಗೆದವರ ಸಹಿ ನನ್ನದು, ಅದರ ಕೆಳಗೆ ಒಪ್ಪಿದವರ ಸಹಿ ಆತನದು. ನಿಯಮದ ಪ್ರಕಾರ ಜನ ನೀರು ತುಂಬುವ ಹೊತ್ತಿನಲ್ಲಿ ಮಾದರಿ ತೆಗೆಯಬೇಕು. ಅದೂ ಆತನೇ ಕಲಿಸಿದ್ದು. ಎರಡು ವರ್ಷ ಹೊತ್ತಿನ ಕಾಲಂ ಓದದೆ ಸಹಿ ಹಾಕಿದ್ದ.

ಇದನ್ನು ತೋರಿಸಿದರೆ ಆತ ಬೀಳುತ್ತಾನೆ, ಜೊತೆಗೆ ನಾನೂ. ಬಹಳ ಹೊತ್ತು ಯೋಚಿಸಿದೆ ಎಂದು ಬರೆಯಬಹುದಿತ್ತು. ಹಾಗೇನೂ ಇಲ್ಲ. ರಿಜಿಸ್ಟರನ್ನು ಚೀಲಕ್ಕೆ ತುರುಕಿದೆ. ನಾನು ಮುಳುಗಿದರೂ ಚಿಂತೆಯಿಲ್ಲ, ಆತನ ಕುತ್ತಿಗೆ ಹಿಡಿದೇ ಮುಳುಗುತ್ತೇನೆ ಎಂಬ ಹಟ.

ವಿಚಾರಣೆಯ ದಿನ ಆತ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ನನ್ನ ಕೈ ನೋಡಿ ನಕ್ಕ. ಹಲಗೆಯ ಮೇಲೆ ನಳಿಕೆಗಳನ್ನು ಸಾಲಾಗಿ ನಿಲ್ಲಿಸಿದೆ: ನಸುಕಿನದು ಹಳದಿ, ಒಂಬತ್ತರದು ಅರೆಬರೆ, ಹನ್ನೆರಡರದು ನೇರಳೆ. ಪಕ್ಕದಲ್ಲಿ ಕಪ್ಪು ಬಟ್ಟೆಯ ಬಾಟಲಿ, ಬರಿಯ ಬಾಟಲಿ. ಓದು ಬರದವರಿಗೂ ಬಣ್ಣ ಕಾಣುತ್ತದೆ. ಊರವರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ನೀರುಗಂಟಿಯ ಹೆಂಡತಿ ಮುಂದಿನ ಸಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಮುಚ್ಚಿದ ಚೊಂಬು, ಅದರ ಮೇಲೆ ಲೋಟ. ಆ ಬೆಳಗಿನ ನೀರು. ನಾನು ಕಣ್ಸನ್ನೆ ಮಾಡಿದಾಗ ಮುಂದೆ ಬರಬೇಕು ಎಂದು ಮಾತಾಗಿತ್ತು.

“ಇದೆಲ್ಲ ರಜೆಯಲ್ಲಿ ಕೂತು ಮಾಡಿದ ಆಟ ಮೇಡಂ,” ಎಂದ ಆತ. “ಎರಡು ವರ್ಷದ ಇಲಾಖೆಯ ರಿಪೋರ್ಟುಗಳಿವೆ. ಪ್ರತಿ ತಿಂಗಳೂ ನೀರು ಚೆನ್ನಾಗಿತ್ತು.”

ನನಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಬಲೆಗೆ ತಾನೇ ನಡೆದು ಬಂದಿದ್ದ. ರಿಜಿಸ್ಟರು ತೆಗೆದು ಗಟ್ಟಿಯಾಗಿ ಓದಲು ಹಿಡಿದೆ. ತಿಂಗಳು, ಹೊತ್ತು, ಯೋಗ್ಯ, ಸಹಿ. ತಿಂಗಳು, ಹೊತ್ತು, ಯೋಗ್ಯ, ಸಹಿ. ಪ್ರತಿ ಸಲ ಆತನ ಸಹಿ ಬಂದಾಗ ಬೆರಳಿಟ್ಟು ಅಧಿಕಾರಿಣಿಗೆ ತೋರಿಸಿದೆ. ಆತನ ಮುಖದ ಬಣ್ಣ ಇಳಿಯುತ್ತಾ ಹೋಯಿತು. ನಾನು ಓದನ್ನು ಇನ್ನಷ್ಟು ನಿಧಾನ ಮಾಡಿದೆ, ಸುಖ ಬೇಗ ಮುಗಿಯಬಾರದೆಂದು.

“ಮಧ್ಯಾಹ್ನದ ಮಾದರಿಗಳೆಲ್ಲ ರದ್ದು,” ಎಂದರು ಅಧಿಕಾರಿಣಿ. “ಇವತ್ತಿಂದಲೇ ವಾಲ್ವು ಮುಚ್ಚಿ. ಮೆಟ್ಟಿಲಿಗೆ ಬೇಲಿ, ದನಕ್ಕೆ ಕೆಳಗಡೆ ತೊಟ್ಟಿ, ನೀರಿಗೆ ಬ್ಲೀಚಿಂಗ್ ಪುಡಿ. ಅಲ್ಲಿವರೆಗೆ ಟ್ಯಾಂಕರ್ ಬರುತ್ತೆ. ನೀವಿಬ್ಬರೂ ಕಚೇರಿಗೆ ಬಂದು ವಿವರಣೆ ಕೊಡಬೇಕು.”

ಇಬ್ಬರೂ ಎಂದದ್ದು ನನಗೆ ಕೇಳಿಸಲೇ ಇಲ್ಲ. ನಾನು ನೀರುಗಂಟಿಯ ಹೆಂಡತಿಯ ಕಡೆ ನೋಡಿ ಕಣ್ಸನ್ನೆ ಮಾಡಿದೆ.

ಆಕೆ ಚೊಂಬು ಹಿಡಿದು ಬಂದಳು. ಆತನ ಮುಂದೆ ನಿಲ್ಲಲಿಲ್ಲ. ನನ್ನ ಮುಂದೆ ಬಂದು ನಿಂತಳು.

“ಆಗ್ಲೇ ಓದ್ದಲ್ಲ, ಕಳ್ದ ವರ್ಷ ಸಂಕ್ರಾಂತಿ ತಿಂಗ್ಳುದು. ಇನ್ನೊಂದ್ ಕಿತ ಓದು.”

ಓದಿದೆ. ಹನ್ನೆರಡೂಕಾಲು. ಯೋಗ್ಯ.

“ಅದ್ರಲ್ಲಿ ಮೊದ್ಲು ಯಾರ್ ರುಜು?”

ಆ ತಿಂಗಳು ಬಸ್ಸಿಗೆ ಓಡುತ್ತಿದ್ದಾಗ ನೀರುಗಂಟಿ ಅಡ್ಡ ನಿಂತು ಕೇಳಿದ್ದು ನೆನಪಾಯಿತು, ‘ಸಾ, ನೀರು ಒಳ್ಳೇದಾಗದಾ? ಕೂಸ್ಗ ಉಸಾರಿಲ್ಲ.’ ಹಿಂದಿನ ತಿಂಗಳ ಕಾಗದ ತೋರಿಸಿ, ಒಳ್ಳೇದು ಎಂದಿದ್ದೆ. ಜ್ಞಾಪಕವಿರಲಿಲ್ಲ ಎಂದಲ್ಲ, ಆ ಕಡೆ ನೋಡಿರಲಿಲ್ಲ.

“ನಂದು,” ಎಂದೆ.

“ನಮ್ಮವ್ರು ವಾಲ್ವು ತಿರುಗ್ಸಿದ್ದು ನಿನ್ ಮಾತ್ ನಂಬ್ಕಂಡು ಕಣ್ಲಾ. ನಾ ಅವಳ್ಗ ಕುಡ್ಸಿದ್ದೂ ಅದ್ನೇಯ.” ಲೋಟಕ್ಕೆ ನೀರು ಬಗ್ಗಿಸಿ ಮುಂದೆ ಹಿಡಿದಳು. “ಅಂಗಾರ ಮೊದ್ಲು ನೀ ಕುಡಿ.”

ಅಧಿಕಾರಿಣಿ ಏನೋ ಹೇಳಲು ಬಾಯಿ ತೆರೆದರು. ನೀರುಗಂಟಿ ಹೆಂಡತಿಯ ತೋಳು ಹಿಡಿಯಲು ಬಂದ. ನಾನು ಲೋಟ ತೆಗೆದುಕೊಂಡೆ. ಆ ನೀರಿನಲ್ಲಿ ಏನಿದೆ ಎಂದು ಆ ಜಾಗದಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಕುಡಿದೆ. ತಣ್ಣಗಿತ್ತು. ರುಚಿಯಾಗಿಯೇ ಇತ್ತು.

ಆಕೆ ಲೋಟ ಇಸಿದುಕೊಂಡು, ಇನ್ನೊಮ್ಮೆ ತುಂಬಿ, ಆತನ ಕಡೆ ತಿರುಗಿದಳು. ಆತ ಆಗಲೇ ಜೀಪಿನೊಳಗೆ ಕೂತು ಬಾಗಿಲು ಎಳೆದುಕೊಂಡಿದ್ದ. ಅದುವರೆಗೆ ನಾನು ಹಗಲೂ ರಾತ್ರಿ ಕಾದಿದ್ದ ನೋಟ ಅದು, ಗಾಜಿನ ಹಿಂದೆ ಬೆವರುತ್ತಿದ್ದ ಆ ಮುಖ. ಕಂಡದ್ದು ಅರ್ಧ ಮಾತ್ರ, ನನ್ನ ಕಣ್ಣು ಆ ಖಾಲಿಯಾದ ಚೊಂಬಿನ ಮೇಲಿತ್ತು.

ಆತನನ್ನು ಬೇರೆ ಜಿಲ್ಲೆಗೆ ಹಾಕಿದರು. ನನ್ನ ಕೆಲಸ ಹೋಯಿತು. ಆದರೆ ಅದಕ್ಕೂ ಮೊದಲು, ಮಾರನೆಯ ದಿನವೇ, ನಾನು ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಮಲಗಿದೆ. ಹೊಟ್ಟೆ ನುಲಿದು ನುಲಿದು ಕರುಳು ಹೊರಗೆ ಬರುವಂತಾಯಿತು. ಕಾವಲುಗಾರ ಉಪ್ಪು ಸಕ್ಕರೆ ಕಲಸಿದ ಕುದಿಸಿದ ನೀರು ಕುಡಿಸಿದ. ದಾದಿ ಬಂದು ಮಾತ್ರೆ ಕೊಟ್ಟು ಹೋದಳು.

ಮೂರನೆಯ ದಿನ ಮಧ್ಯಾಹ್ನ ನೀರುಗಂಟಿಯ ಹೆಂಡತಿ ಬಸ್ಸಿಳಿದು ಬಂದಳು. ಕೈಯಲ್ಲಿ ಏನೂ ತಂದಿರಲಿಲ್ಲ. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತಳು. ಮಲಗಿಕೊಂಡೇ ಆಕೆಯ ಮುಖ ನೋಡಲು ನನ್ನಿಂದಾಗಲಿಲ್ಲ. ಗೋಡೆ ಹಿಡಿದು ಎದ್ದು ಕೂತೆ.

ಆಕೆ ನನ್ನನ್ನು ನೋಡುತ್ತಾ ನಿಂತಳು.

“ನೀ ಎದ್ ಕುಂತ್ಕಂಡೆ,” ಎಂದಳು. ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.